ಸತ್ತವರ ಕುರ್ಚಿಗೆ ಸಂತೆ: ಬಸವಕಲ್ಯಾಣದ ಉಪಚುನಾವಣೆ ಕಲಿಸಿದ್ದೇನು?

ಒಬ್ಬ ಶಾಸಕ ಸತ್ತರೆ ಆ ತಾಲ್ಲೂಕಿಗೆ ಏನಾಗುತ್ತೆ? ರಸ್ತೆಗೆ ಡಾಂಬರು ಬೀಳುತ್ತೆ. ವರ್ಷಗಟ್ಟಲೆ ಮುಖ ತೋರಿಸದ ಮಂತ್ರಿಗಳು ಕೇರಿಯ ಬಾಗಿಲಿಗೆ ಬಂದು ಕೈ ಮುಗಿಯುತ್ತಾರೆ. ಜಾತಿಗೊಂದು ನಿಗಮ ಹುಟ್ಟುತ್ತೆ. ಸತ್ತವರ ಫೋಟೋಗೆ ಹಾರ ಬೀಳುತ್ತೆ, ಅವರ ಹೆಂಡತಿಯ ಕಣ್ಣೀರಿಗೆ ಓಟಿನ ಬೆಲೆ ಕಟ್ಟಲಾಗುತ್ತೆ. ಒಂದು ತಿಂಗಳು ಜಾತ್ರೆಯೋ ಜಾತ್ರೆ. ಎಣಿಕೆ ಮುಗಿದ ಮಾರನೇ ದಿನ ಎಲ್ಲ ಖಾಲಿ. ಪೆಂಡಾಲು ಬಿಚ್ಚಿಕೊಂಡು ಹೋದ ಮೇಲೆ ಮೈದಾನದಲ್ಲಿ ಉಳಿಯೋದು ಗೂಟ ಕಿತ್ತ ಗುಂಡಿಗಳು ಮಾತ್ರ.

ಇದಕ್ಕೆ ಉಪಚುನಾವಣೆ ಅಂತ ಹೆಸರು. ಪ್ರಜಾಪ್ರಭುತ್ವದ ಹಬ್ಬ ಅಂತ ಪತ್ರಿಕೆಗಳು ಬರೆಯುತ್ತವೆ. ಯಾರ ಹಬ್ಬ? ಯಾರ ಮನೆಯ ಕುರಿ? ಈ ಪ್ರಶ್ನೆಯನ್ನು ಕೇಳದೆ ಕಂಬಕ್ಕೆ ಬ್ಯಾನರ್ ಕಟ್ಟಲು ಏಣಿ ಹತ್ತುವ ನಮ್ಮ ಹಾಸ್ಟೆಲ್ ಹುಡುಗರಿಗಾಗಿ ಈ ನಾಲ್ಕು ಪುಟ.

ನಡೆದದ್ದು ಇಷ್ಟು

ಬೀದರ್ ಜಿಲ್ಲೆಯ ಬಸವಕಲ್ಯಾಣದ ಶಾಸಕ, ಕಾಂಗ್ರೆಸ್ಸಿನ ಬಿ. ನಾರಾಯಣರಾವ್, 2020ರ ಸೆಪ್ಟೆಂಬರ್ 24ರಂದು ಕೋವಿಡ್ ರೋಗಕ್ಕೆ ಬಲಿಯಾದರು. ಅದರ ಹಿಂದಿನ ದಿನವೇ ಬೆಳಗಾವಿಯ ಲೋಕಸಭಾ ಸದಸ್ಯ, ಕೇಂದ್ರದ ಮಂತ್ರಿ ಸುರೇಶ ಅಂಗಡಿ ಅದೇ ರೋಗಕ್ಕೆ ತೀರಿಕೊಂಡಿದ್ದರು. ಈ ಎರಡೂ ಸ್ಥಾನಗಳಿಗೆ 2021ರ ಏಪ್ರಿಲ್ 17ರಂದು ಮತದಾನ ನಡೆಯಿತು. ಅದೇ ದಿನ ರಾಯಚೂರು ಜಿಲ್ಲೆಯ ಮಸ್ಕಿಗೂ ಮತದಾನ. ಆದರೆ ಮಸ್ಕಿಯ ಕುರ್ಚಿ ಖಾಲಿಯಾದದ್ದು ಸಾವಿನಿಂದಲ್ಲ, ಪಕ್ಷಾಂತರದಿಂದ. ಮೇ 2ರಂದು ಎಣಿಕೆ.

2018ರಲ್ಲಿ ನಾರಾಯಣರಾವ್ ಗೆದ್ದಿದ್ದು 17 ಸಾವಿರಕ್ಕೂ ಹೆಚ್ಚು ಓಟುಗಳ ಅಂತರದಿಂದ. ಅವರು ಸತ್ತ ಮೇಲೆ ಕಾಂಗ್ರೆಸ್ ಅವರ ಹೆಂಡತಿ ಮಾಲಾ ನಾರಾಯಣರಾವ್ ಅವರನ್ನು ನಿಲ್ಲಿಸಿತು. ಬಿಜೆಪಿಯ ಶರಣು ಸಲಗರ ಅವರನ್ನು 20 ಸಾವಿರಕ್ಕೂ ಹೆಚ್ಚು ಓಟುಗಳಿಂದ ಸೋಲಿಸಿದರು. ಅಂದರೆ ಮೂರು ವರ್ಷದಲ್ಲಿ ತಕ್ಕಡಿ ಪೂರ್ತಿ ಈ ಕಡೆಯಿಂದ ಆ ಕಡೆಗೆ ವಾಲಿತು. ಸತ್ತವರ ಮೇಲಿನ ಕನಿಕರ ಎಲ್ಲಿ ಹೋಯಿತು? ಅದನ್ನು ಕೊಂಡವರು ಯಾರು? ಅದರ ಬೆಲೆ ಏನು? ಇದನ್ನು ಬಿಡಿಸಿ ನೋಡಬೇಕು.

ಕುರ್ಚಿ ಖಾಲಿಯಾದರೆ ಕೇರಿಗೇನು ನಷ್ಟ?

ನಮ್ಮಲ್ಲಿ ಕೆಲವರು ಹೇಳೋದುಂಟು. "ಎಂಎಲ್‌ಎ ಇದ್ದರೂ ಅಷ್ಟೆ, ಸತ್ತರೂ ಅಷ್ಟೆ. ನಮಗೇನಾಗಬೇಕು?" ಈ ಮಾತು ಕೇಳಲು ಕ್ರಾಂತಿಕಾರಿ ಅನ್ನಿಸುತ್ತೆ, ಆದರೆ ಸುಳ್ಳು. ಗಂಗಾ ಕಲ್ಯಾಣದ ಕೊಳವೆಬಾವಿ ಯಾರಿಗೆ ಅಂತ ತೀರ್ಮಾನಿಸುವ ತಾಲ್ಲೂಕು ಆಯ್ಕೆ ಸಮಿತಿಗೆ ಅಧ್ಯಕ್ಷರು ಶಾಸಕರೇ. ಬಗರ್ ಹುಕುಂ ಸಾಗುವಳಿ ಮಾಡಿದ ಬಡವನ ಹೆಸರಿಗೆ ಭೂಮಿ ಸಕ್ರಮ ಆಗಬೇಕಾದರೆ ಆ ಸಮಿತಿಯ ತಲೆಯ ಮೇಲೂ ಶಾಸಕರೇ. ಪಟ್ಟಣದ ಆಶ್ರಯ ಸಮಿತಿಯಲ್ಲೂ ಅವರೇ. ಜಮೀನಿರುವ ಗೌಡನಿಗೆ, ಸಾಹುಕಾರನಿಗೆ ಶಾಸಕ ಒಂದು ಗೌರವ. ಜಮೀನಿಲ್ಲದ ನಮಗೆ ಶಾಸಕ ಒಂದು ಸಹಿ. ಆ ಸಹಿಗೆ ನಮ್ಮ ಅಪ್ಪಂದಿರು ಎಷ್ಟು ಸಲ ಅಲೆದಿದ್ದಾರೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಮಿನ ಪ್ರಕಾರ ಖಾಲಿಯಾದ ಸ್ಥಾನಕ್ಕೆ ಆರು ತಿಂಗಳೊಳಗೆ ಚುನಾವಣೆ ನಡೀಬೇಕು. ನಡೆಸಲು ಕಷ್ಟವಾದರೆ ವಿನಾಯಿತಿ ಉಂಟು. ಬಸವಕಲ್ಯಾಣಕ್ಕೆ ಹೊಸ ಶಾಸಕ ಸಿಕ್ಕಿದ್ದು ಏಳು ತಿಂಗಳು ದಾಟಿದ ಮೇಲೆ. ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರವಾದ ಮಸ್ಕಿ ಹೆಚ್ಚುಕಡಿಮೆ ಇಪ್ಪತ್ತೊಂದು ತಿಂಗಳು ಪ್ರತಿನಿಧಿ ಇಲ್ಲದೆ ಕೂತಿತ್ತು. ಲಾಕ್‌ಡೌನು ಬಂತು, ಕೂಲಿ ಹೋಯಿತು, ಪಟ್ಟಣದಿಂದ ಜನ ನಡೆದೇ ಊರು ಸೇರಿದರು. ಆ ಕಾಲದಲ್ಲಿ ಅವರ ಪರವಾಗಿ ವಿಧಾನಸಭೆಯಲ್ಲಿ ಎದ್ದು ನಿಲ್ಲಲು ಯಾರೂ ಇರಲಿಲ್ಲ. ಇದನ್ನು ಯಾವ ಪಕ್ಷವೂ ತನ್ನ ಭಾಷಣದಲ್ಲಿ ದೊಡ್ಡ ವಿಷಯ ಮಾಡಲಿಲ್ಲ. ಯಾಕೆಂದರೆ ಖಾಲಿ ಕುರ್ಚಿಯ ನಷ್ಟ ಅವರದ್ದಲ್ಲ.

ಸಂತೆಯ ಲೆಕ್ಕ

ಉಪಚುನಾವಣೆಗೂ ಮಾಮೂಲಿ ಚುನಾವಣೆಗೂ ಇರುವ ವ್ಯತ್ಯಾಸ ತಿಳಿದುಕೊಳ್ಳಿ. ಮಾಮೂಲಿ ಚುನಾವಣೆಯಲ್ಲಿ ಸರ್ಕಾರ ಹೋಗುತ್ತೆ, ಸರ್ಕಾರ ಬರುತ್ತೆ. 224 ಕಡೆ ಯುದ್ಧ. ಉಪಚುನಾವಣೆಯಲ್ಲಿ ಸರ್ಕಾರ ಕೂತಲ್ಲೇ ಕೂತಿರುತ್ತೆ. ಖಜಾನೆಯ ಬೀಗದ ಕೈ ಅದರ ಸೊಂಟದಲ್ಲೇ ಇರುತ್ತೆ. ಇಡೀ ರಾಜ್ಯದ ಬಲವನ್ನು ಒಂದು ತಾಲ್ಲೂಕಿನ ಮೇಲೆ ಸುರಿಯಬಹುದು. ಹಾಗೆ ನೋಡಿದರೆ ಒಂದು ಕ್ಷೇತ್ರ ಸೋತರೆ ಸರ್ಕಾರವೇನೂ ಬೀಳಲ್ಲ. ಆದ್ದರಿಂದ ಉಪಚುನಾವಣೆಯ ಓಟು ಅತ್ಯಂತ ಸ್ವತಂತ್ರವಾದ ಓಟು ಆಗಬೇಕಿತ್ತು. ಹೆದರಿಕೆಯಿಲ್ಲದೆ ಸರ್ಕಾರಕ್ಕೆ ಬುದ್ಧಿ ಹೇಳುವ ಓಟು. ಆದರೆ ಆಗೋದೇನು? "ಆಡಳಿತ ಪಕ್ಷದವರನ್ನು ಗೆಲ್ಲಿಸಿ, ಅನುದಾನ ಬರುತ್ತೆ" ಅಂತ ಹೇಳುತ್ತಾರೆ. ಇದು ಆಶ್ವಾಸನೆಯಲ್ಲ, ಬೆದರಿಕೆ. ಗೆಲ್ಲಿಸದಿದ್ದರೆ ನಿಮ್ಮ ತೆರಿಗೆ ದುಡ್ಡು ನಿಮಗೆ ಕೊಡಲ್ಲ ಅಂತ ಅದರ ಅರ್ಥ. ಈ ಬೆದರಿಕೆಯನ್ನು ಎಲ್ಲ ಪಕ್ಷಗಳೂ ಅಧಿಕಾರದಲ್ಲಿದ್ದಾಗ ಬಳಸಿವೆ.

2020ರ ನವೆಂಬರ್ 3ರ ಶಿರಾ ಉಪಚುನಾವಣೆಯನ್ನೇ ನೋಡಿ. ಜನತಾದಳದ ಬಿ. ಸತ್ಯನಾರಾಯಣ ಸತ್ತು ಆ ಸ್ಥಾನ ಖಾಲಿಯಾಗಿತ್ತು. ಅಕ್ಟೋಬರಿನಲ್ಲಿ ಕಾಡುಗೊಲ್ಲರಿಗೆ ಅಭಿವೃದ್ಧಿ ನಿಗಮದ ಘೋಷಣೆ ಬಂತು. ಮದಲೂರು ಕೆರೆಗೆ ನೀರು ಹರಿಸುವ ಮಾತು ಬಂತು. ಆ ಕ್ಷೇತ್ರದಲ್ಲಿ ಅಲ್ಲಿಯತನಕ ಖಾತೆ ತೆರೆಯದ ಬಿಜೆಪಿ ಗೆದ್ದಿತು. ಬಸವಕಲ್ಯಾಣದಲ್ಲಿ ಮರಾಠರ ಓಟು ದೊಡ್ಡದು. 2020ರ ನವೆಂಬರಿನಲ್ಲೇ ಮರಾಠಾ ಅಭಿವೃದ್ಧಿ ನಿಗಮ, ಅದಕ್ಕೆ 50 ಕೋಟಿ. ಹಿಂದೆಯೇ ವೀರಶೈವ ಲಿಂಗಾಯತ ನಿಗಮ, ಅದಕ್ಕೆ 500 ಕೋಟಿಯ ಘೋಷಣೆ. ಇದೆಲ್ಲ ಚುನಾವಣಾ ನೀತಿಸಂಹಿತೆ ಬರೋದಕ್ಕೆ ಮುಂಚೆ. ಕಾನೂನಿನ ಬಾಗಿಲು ಮುಚ್ಚುವ ಮೊದಲೇ ಮೂಟೆ ಒಳಗೆ ಸೇರಿತ್ತು.

ಕೆಲವರು ಮರಾಠಾ ನಿಗಮವನ್ನು ಭಾಷೆಯ ಪ್ರಶ್ನೆ ಮಾಡಿದರು. ಡಿಸೆಂಬರ್ 5ರಂದು ಬಂದ್ ಕರೆದರು. ನಮ್ಮ ಪ್ರಶ್ನೆ ಅದಲ್ಲ. ಬೀದರಿನ ಬಡ ಮರಾಠ ಕೂಲಿಯವನ ಮೇಲೆ ನಮಗೆ ಯಾವ ಹಗೆಯೂ ಇಲ್ಲ. ಅವನೂ ನಮ್ಮ ಹಾಗೇ ಕಬ್ಬು ಕಡಿಯೋಕೆ ಹೋಗುವವನು. ನಮ್ಮ ಪ್ರಶ್ನೆ ಇಷ್ಟೆ. ಬಡತನ ನವೆಂಬರಿನಲ್ಲೇ ಯಾಕೆ ಕಣ್ಣಿಗೆ ಬಿತ್ತು? ಒಂದು ಜಾತಿಯ ಬಡತನ ಸರ್ಕಾರಕ್ಕೆ ಕಾಣಬೇಕಾದರೆ ಆ ತಾಲ್ಲೂಕಿನ ಶಾಸಕ ಸಾಯಬೇಕೆ?

ಇನ್ನೊಂದು ಮಾತು. ನಿಗಮ ಅಂದರೆ ಏನು ಅಂತ ನಮಗೆ ಚೆನ್ನಾಗಿ ಗೊತ್ತು. ನಮ್ಮ ಹೆಸರಿನಲ್ಲೂ ನಿಗಮಗಳಿವೆ. ಅರ್ಜಿ, ಜೆರಾಕ್ಸು, ಜಾತಿ ಸರ್ಟಿಫಿಕೇಟು, ಬ್ಯಾಂಕಿನ ಬಾಗಿಲು, ಮತ್ತೆ ಅರ್ಜಿ. ನೂರು ಜನ ಕ್ಯೂ ನಿಲ್ಲುತ್ತಾರೆ, ನಾಲ್ಕು ಜನಕ್ಕೆ ಸಾಲ ಸಿಗುತ್ತೆ, ಆ ನಾಲ್ವರಲ್ಲಿ ಇಬ್ಬರು ಲೀಡರಿನ ಭಾವಮೈದುನರು. ಭೂಮಿ ಹಂಚೋದಕ್ಕೆ ಧೈರ್ಯವಿಲ್ಲದ ಸರ್ಕಾರ ನಿಗಮ ಹಂಚುತ್ತೆ. ಕೂಲಿ ಹೆಚ್ಚಿಸೋದಕ್ಕೆ ಮನಸ್ಸಿಲ್ಲದವರು ಅಧ್ಯಕ್ಷಗಿರಿ ಹೆಚ್ಚಿಸುತ್ತಾರೆ. ನಿಗಮದಿಂದ ಜಾತಿಯ ಬಡವ ಉದ್ಧಾರವಾಗಲ್ಲ, ಜಾತಿಯ ಮುಖಂಡನಿಗೆ ಕಾರು ಸಿಗುತ್ತೆ.

ಹರಳಯ್ಯನ ನೆಲದಲ್ಲಿ

ಊರಿನ ಹೆಸರು ನೋಡಿ, ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯನನ್ನು ಅಪ್ಪ ಅಂದ, ಡೋಹರ ಕಕ್ಕಯ್ಯನನ್ನು ಬೊಪ್ಪ ಅಂದ ಜನರ ಕಲ್ಯಾಣ ಅದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು ಅಂತ, ಅದಕ್ಕೆ ಬಿಜ್ಜಳನ ರಾಜ್ಯ ಆ ಇಬ್ಬರು ಬೀಗರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿತು ಅಂತ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅಂದರೆ ಆ ಊರಿನ ಚರಿತ್ರೆ ಒಂದು ಮದುವೆಯ ಚರಿತ್ರೆ, ಒಂದು ಕೊಲೆಯ ಚರಿತ್ರೆ. ಜಾತಿ ಬಿಟ್ಟವರಿಗೆ ಏನಾಗುತ್ತೆ ಅನ್ನುವ ಚರಿತ್ರೆ.

2021ರ ಜನವರಿ 6ರಂದು ಅದೇ ಊರಿನಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. 500 ಕೋಟಿಯ ಯೋಜನೆ, ಆರು ಅಂತಸ್ತು, 770 ಅಮರಗಣಂಗಳ ನೆನಪಿಗೆ 770 ಕಂಬ. ಮಂಟಪ ಬೇಡ ಅಂತ ನಾವು ಹೇಳುತ್ತಿಲ್ಲ. ಮಂಟಪದ ಮಾತು ಉಪಚುನಾವಣೆಗಿಂತ ಹಳೆಯದು ಅನ್ನೋದೂ ನಮಗೆ ಗೊತ್ತು. ಹರಳಯ್ಯನ ಹೆಸರಿನಲ್ಲಿ ಒಂದಲ್ಲ ಹತ್ತು ಕಂಬ ನಿಲ್ಲಲಿ. ಆದರೆ ಅಡಿಗಲ್ಲಿನ ಮುಹೂರ್ತ ಮತದಾನಕ್ಕೆ ನೂರು ದಿನ ಮುಂಚೆಯೇ ಯಾಕೆ ಕೂಡಿಬಂತು? ಬಸವಣ್ಣನಿಗೆ ಮುಹೂರ್ತದಲ್ಲಿ ನಂಬಿಕೆ ಇರಲಿಲ್ಲ. ಅವನ ಹೆಸರು ಹೇಳುವವರಿಗೆ ಇದೆ.

ತನ್ನ ತೊಡೆಯ ಚರ್ಮ ಸುಲಿದು ಚಮ್ಮಾವುಗೆ ಹೊಲಿದವನು ಹರಳಯ್ಯ ಅಂತ ಕತೆ. ಆ ಕತೆ ಕೇಳಿ ಕಣ್ಣೀರು ಹಾಕುವ ಭಕ್ತರು ಇವತ್ತಿಗೂ ಇದ್ದಾರೆ. ಅದೇ ಭಕ್ತರ ಊರುಗಳಲ್ಲಿ ಹರಳಯ್ಯನ ಮಕ್ಕಳು ಎಲ್ಲಿ ಕೂತು ಚಾ ಕುಡೀಬೇಕು, ಯಾವ ಸ್ಮಶಾನದಲ್ಲಿ ಹೆಣ ಹೂಳಬೇಕು ಅನ್ನುವ ಪ್ರಶ್ನೆ ಇನ್ನೂ ಮುಗಿದಿಲ್ಲ. ಕಲ್ಲಿನ ಮಂಟಪಕ್ಕೆ ಕಂಬ ಎಣಿಸುವವರನ್ನು ನಾವು ಕೇಳಬೇಕಾದ್ದು ಒಂದೇ. ಸ್ವಾಮಿ, ಈ ತಾಲ್ಲೂಕಿನಲ್ಲಿ ಹರಳಯ್ಯನ ಕುಲದವರ ಹೆಸರಿನಲ್ಲಿ ಎಷ್ಟು ಎಕರೆ ಭೂಮಿ ಇದೆ? ಆ ಲೆಕ್ಕದ ಕಂಬ ಎಲ್ಲಿದೆ?

ಕಣ್ಣೀರಿನ ಟಿಕೆಟ್ಟು

ಇನ್ನು ಕಾಂಗ್ರೆಸ್ಸಿನ ವಿಷಯಕ್ಕೆ ಬರೋಣ. ಅವರು ಮಾಡಿದ್ದೂ ಸಂತೆಯೇ, ಸರಕು ಬೇರೆ. ಒಬ್ಬರು ನಿಗಮ ತಂದರು, ಇವರು ಕಣ್ಣೀರು ತಂದರು.

ಶಾಸಕ ಸತ್ತರೆ ಹೆಂಡತಿ, ಇಲ್ಲದಿದ್ದರೆ ಮಗ. ಇದೊಂದು ಪದ್ಧತಿಯೇ ಆಗಿದೆ. 2017ರಲ್ಲಿ ಗುಂಡ್ಲುಪೇಟೆಯಲ್ಲಿ ಮಂತ್ರಿ ಎಚ್.ಎಸ್. ಮಹದೇವಪ್ರಸಾದ್ ಸತ್ತರು, ಹೆಂಡತಿ ಗೀತಾ ಅವರನ್ನು ಕಾಂಗ್ರೆಸ್ ನಿಲ್ಲಿಸಿತು, ಗೆದ್ದರು. ಮುಂದಿನ ವರ್ಷವೇ ಸೋತರು. 2023ರಲ್ಲಿ ಅದೇ ಕುರ್ಚಿಗೆ ಮಗ ಬಂದರು. 2018ರಲ್ಲಿ ಜಮಖಂಡಿಯಲ್ಲಿ ಸಿದ್ದು ನ್ಯಾಮಗೌಡ ಸತ್ತರು, ಮಗ ಗೆದ್ದರು. 2019ರಲ್ಲಿ ಕುಂದಗೋಳದಲ್ಲಿ ಸಿ.ಎಸ್. ಶಿವಳ್ಳಿ ಸತ್ತರು, ಹೆಂಡತಿ ಕುಸುಮಾವತಿ 1,601 ಓಟಿನಿಂದ ಗೆದ್ದರು. ಶಿರಾದಲ್ಲಿ ಜನತಾದಳ ಸತ್ಯನಾರಾಯಣ ಅವರ ಹೆಂಡತಿಯನ್ನು ನಿಲ್ಲಿಸಿತು, ಮೂರನೇ ಸ್ಥಾನಕ್ಕೆ ಹೋದರು. ಬೆಳಗಾವಿಯಲ್ಲಿ ಬಿಜೆಪಿ ಸುರೇಶ ಅಂಗಡಿಯವರ ಹೆಂಡತಿ ಮಂಗಳಾ ಅವರನ್ನು ನಿಲ್ಲಿಸಿತು, 5,240 ಓಟಿನಿಂದ ಗೆದ್ದರು. ಬಸವಕಲ್ಯಾಣದಲ್ಲಿ ಕಣ್ಣೀರಿನ ಎದುರು ನಿಗಮ ಗೆದ್ದಿತು. ಬೆಳಗಾವಿಯಲ್ಲಿ ಕಣ್ಣೀರೂ ಸರ್ಕಾರವೂ ಒಂದೇ ಕಡೆ ಇದ್ದವು, ಆದರೂ ಏದುಸಿರು ಬಿಟ್ಟು ಗೆದ್ದರು.

ಗಂಡ ಸತ್ತ ಹೆಣ್ಣುಮಗಳ ದುಃಖವನ್ನು ನಾವು ಹಗುರ ಮಾಡುತ್ತಿಲ್ಲ. ನಮ್ಮ ಸಿಟ್ಟು ಆ ಹೆಣ್ಣುಮಕ್ಕಳ ಮೇಲೂ ಅಲ್ಲ. ಈ ಪಕ್ಷಗಳಿಗೆ ಹೆಂಗಸು ಕಾಣಬೇಕಾದರೆ ಅವಳ ಹಣೆಯ ಕುಂಕುಮ ಅಳಿಸಬೇಕು. ಗಂಡ ಬದುಕಿದ್ದಾಗ ಅವಳಿಗೆ ವಾರ್ಡಿನ ಟಿಕೆಟ್ಟೂ ಸಿಗಲ್ಲ. 2023ರ ವಿಧಾನಸಭೆಗೆ ಗೆದ್ದು ಬಂದ ಹೆಂಗಸರು 224ರಲ್ಲಿ 10 ಜನ. ಇದು ಅವರ ಹೆಣ್ಣುಪ್ರೇಮ! ಅದೂ ಯಾವ ಮನೆಯ ಹೆಂಗಸು? ನಮ್ಮ ಕೇರಿಯಲ್ಲಿ ಮ್ಯಾನ್‌ಹೋಲಿಗೆ ಇಳಿದು ಸತ್ತವನ ಹೆಂಡತಿಗೆ ಯಾವ ಪಕ್ಷ ಟಿಕೆಟ್ ಕೊಟ್ಟಿದೆ? ಅವಳ ಕಣ್ಣೀರಿಗೆ ಯಾಕೆ ಅನುಕಂಪದ ಅಲೆ ಏಳಲ್ಲ? ಅವಳು ಪರಿಹಾರದ ಚೆಕ್ಕಿಗಾಗಿ ಆಫೀಸಿನಿಂದ ಆಫೀಸಿಗೆ ಅಲೀತಾಳೆ, ಅಷ್ಟೆ.

ಮತ್ತೆ ಈ ಕನಿಕರ ಎಷ್ಟು ದಿನ ಬಾಳಿತು ಗೊತ್ತೆ? ಎರಡೇ ವರ್ಷ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಬಸವಕಲ್ಯಾಣದ ಟಿಕೆಟ್ಟನ್ನು ಮಾಲಾ ಅವರಿಗೆ ಕೊಡಲಿಲ್ಲ. ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಅವರ ಮಗ ವಿಜಯಸಿಂಗ್‌ಗೆ ಕೊಟ್ಟಿತು. ಅವರೂ ಸೋತರು, ಸಲಗರ ಮತ್ತೆ ಗೆದ್ದರು. ಸಣ್ಣ ಮನೆಯ ಕಣ್ಣೀರು ಒಣಗಿದ ಮೇಲೆ ದೊಡ್ಡ ಮನೆಯ ಹೆಸರು ಬಂತು. ಇದಕ್ಕಿಂತ ಸ್ಪಷ್ಟವಾಗಿ ಯಾವ ಪಾಠ ಬೇಕು?

ಎಣಿಕೆಯ ರಾತ್ರಿ

ಗೆಳೆಯರೆ, ಒಂದು ರೋಗದಿಂದ ಇಬ್ಬರು ಜನಪ್ರತಿನಿಧಿಗಳು ಸತ್ತರು ಅಂತ ಚುನಾವಣೆ ಬಂತು. ಆ ಚುನಾವಣೆಯೇ ಆ ರೋಗದ ಎರಡನೇ ಅಲೆಯ ನಡುವೆ ನಡೆಯಿತು. ಏಪ್ರಿಲ್ 10ರಿಂದ ಬೀದರ್ ನಗರವೂ ಸೇರಿ ಹಲವು ನಗರಗಳಲ್ಲಿ ರಾತ್ರಿ ಕರ್ಫ್ಯೂ. ರಾತ್ರಿ ಕರ್ಫ್ಯೂ, ಹಗಲು ರ‍್ಯಾಲಿ! ರೋಗಕ್ಕೆ ರಾತ್ರಿ ಮಾತ್ರ ಕಣ್ಣು ಕಾಣುತ್ತಿತ್ತೇನೋ. ಮತದಾನದ ಹಿಂದಿನ ದಿನ, ಏಪ್ರಿಲ್ 16ರಂದು, ಮುಖ್ಯಮಂತ್ರಿಗೇ ಸೋಂಕು ತಗಲಿತು. ಓಟು ಬಿದ್ದು ಹತ್ತು ದಿನಕ್ಕೆ ರಾಜ್ಯಕ್ಕೆಲ್ಲ ಬೀಗ ಬಿತ್ತು.

ಮೇ 2ರಂದು ಎಣಿಕೆ ನಡೆಯಿತು. ಗೆದ್ದವರು ಹಾರ ಹಾಕಿಕೊಂಡರು. ಆ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಮಾರನೇ ಬೆಳಗಿನೊಳಗೆ ಇಪ್ಪತ್ನಾಲ್ಕು ಗಂಟೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂರೇ ಜನ ಅಂತ ಸರ್ಕಾರ ಮೊದಲು ಹೇಳಿತು. ಹೈಕೋರ್ಟ್ ನೇಮಿಸಿದ ಸಮಿತಿ ಬೇರೆ ಮಾತು ಹೇಳಿತು. ಓಟು ಎಣಿಸುವಾಗ ಒಂದೂ ತಪ್ಪದ ಸರ್ಕಾರಕ್ಕೆ ಹೆಣ ಎಣಿಸುವಾಗ ಲೆಕ್ಕ ತಪ್ಪುತ್ತೆ. ಯಾಕೆ? ಹೆಣಕ್ಕೆ ಓಟಿಲ್ಲ. ಶಾಸಕನ ಹೆಣಕ್ಕೆ ಮಾತ್ರ ಇದೆ.

ಮಸ್ಕಿಯ ಪಾಠ, ಅದರ ಮಿತಿ

ಅದೇ ದಿನ ಮಸ್ಕಿಯಲ್ಲಿ ಆದದ್ದೇ ಬೇರೆ. ಅಶೋಕನ ಹೆಸರನ್ನು ಕೊರೆದ ಶಾಸನ 1915ರಲ್ಲಿ ಸಿಕ್ಕ ಊರು ಅದು. ಅಲ್ಲಿನ ರೈತರು 2020ರ ಕೊನೆಯಿಂದಲೇ ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಧರಣಿ ಕೂತಿದ್ದರು. ಅಭ್ಯರ್ಥಿ ಯಾರು ಅಂತ ತೀರ್ಮಾನವಾಗೋ ಮುಂಚೆಯೇ ಅವರ ಬೇಡಿಕೆ ತೀರ್ಮಾನವಾಗಿತ್ತು. ಬಂದ ಮಂತ್ರಿಗಳಿಗೆಲ್ಲ ಒಂದೇ ಪ್ರಶ್ನೆ: ಕಾಲುವೆ ಏನಾಯ್ತು? ಸರ್ಕಾರ ತನ್ನ ಬಲವನ್ನೆಲ್ಲ ಸುರಿಯಿತು. ಆಡಳಿತ ಪಕ್ಷದ ಪ್ರತಾಪಗೌಡ ಪಾಟೀಲ 30 ಸಾವಿರಕ್ಕೂ ಹೆಚ್ಚು ಓಟುಗಳಿಂದ ಸೋತರು.

ಕಣ್ಣು ತೆರೆದು ನೋಡಿ. ಬಸವಕಲ್ಯಾಣಕ್ಕೆ ಸರ್ಕಾರ ಏನು ಕೊಡಬೇಕು ಅಂತ ಸರ್ಕಾರವೇ ತೀರ್ಮಾನಿಸಿತು. ಮಸ್ಕಿಯಲ್ಲಿ ಏನು ಬೇಕು ಅಂತ ಜನ ತೀರ್ಮಾನಿಸಿದ್ದರು. ಬೇಡಿಕೆ ಮೊದಲೇ ಇದ್ದ ಕಡೆ ಸಂತೆ ನಡೆಯಲಿಲ್ಲ.

ಆದರೆ ಮಸ್ಕಿಯನ್ನು ತಲೆ ಮೇಲೆ ಹೊತ್ತು ಕುಣಿಯೋದೂ ಬೇಡ. 2018ರಲ್ಲಿ ಪ್ರತಾಪಗೌಡ ಕಾಂಗ್ರೆಸ್ಸಿನಿಂದ ನಿಂತು ಬಿಜೆಪಿಯ ಬಸನಗೌಡ ತುರವಿಹಾಳ ಅವರನ್ನು 213 ಓಟಿನಿಂದ ಸೋಲಿಸಿದ್ದರು. 2021ರಲ್ಲಿ ಪ್ರತಾಪಗೌಡ ಬಿಜೆಪಿ, ಬಸನಗೌಡ ಕಾಂಗ್ರೆಸ್! ಅದೇ ಇಬ್ಬರು, ಅಂಗಿ ಅದಲು ಬದಲು. ಜನ ಒಬ್ಬರನ್ನು ಶಿಕ್ಷಿಸಿದರು ನಿಜ. ತಮ್ಮೊಳಗಿನಿಂದ ಒಬ್ಬರನ್ನು ಎಬ್ಬಿಸಿ ನಿಲ್ಲಿಸೋಕೆ ಆಗಲಿಲ್ಲ, ಅದೂ ನಿಜ.

ನಮ್ಮ ಕೇರಿ ಏನು ಕೇಳಿತು?

ಈಗ ಕಹಿ ಮಾತು. ಮರಾಠರು ನಿಗಮ ಪಡೆದರು. ಲಿಂಗಾಯತರು ನಿಗಮವನ್ನೂ ಮಂಟಪವನ್ನೂ ಪಡೆದರು. ಮಸ್ಕಿಯ ರೈತರು ಕಾಲುವೆ ಕೇಳಿದರು. ದಲಿತ ಕೇರಿ ಏನು ಕೇಳಿತು? ಉಪಚುನಾವಣೆ ಬಂದಾಗಲೆಲ್ಲ ನಮ್ಮ ಕೇರಿಗಳಲ್ಲಿ ಏಳುವ ಬೇಡಿಕೆ ಯಾವುದು? ಸಮುದಾಯ ಭವನ. ಮೂರ್ತಿಗೆ ಕಟ್ಟೆ. ಡೊಳ್ಳಿಗೆ, ಹಲಗೆಗೆ ದುಡ್ಡು. ಕೇರಿಯ ನಾಲ್ಕು ಲೀಡರುಗಳು ನಮ್ಮ ಓಟನ್ನೆಲ್ಲ ಗಂಟು ಕಟ್ಟಿ ಹೋಲ್‌ಸೇಲಿಗೆ ಮಾತಾಡಿ ಮುಗಿಸುತ್ತಾರೆ. ಹಿಂದೆ ಒಡೆಯನ ಮನೆಗೆ ಮೈ ಜೀತ ಇತ್ತು. ಇವತ್ತು ಪಾರ್ಟಿ ಆಫೀಸಿಗೆ ಓಟಿನ ಜೀತ. ಹಿಡಿದು ಕೊಡುವವನು ಮಾತ್ರ ನಮ್ಮವನೇ.

ನಮಗೆ ನಿಗಮ ಭಿಕ್ಷೆ ಬೇಕಾಗಿಲ್ಲ. ನಮ್ಮ ಹೆಸರಿನಲ್ಲಿ ಕಾನೂನೇ ಇದೆ. ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ 2013ರ ಕಾಯ್ದೆ. ಜನಸಂಖ್ಯೆಗೆ ತಕ್ಕ ಪಾಲನ್ನು ನಮಗಾಗಿಯೇ ಖರ್ಚು ಮಾಡಬೇಕು ಅನ್ನುತ್ತೆ ಅದು. ಆದರೆ ಅದರೊಳಗೇ 7ಡಿ ಅಂತ ಒಂದು ಇಲಿಬಿಲ ಇಟ್ಟಿದ್ದರು. ಎಲ್ಲರೂ ಓಡಾಡುವ ರಸ್ತೆಯಲ್ಲಿ ದಲಿತರೂ ನಡೀತಾರೆ, ಆದ್ದರಿಂದ ರಸ್ತೆಯ ಖರ್ಚಿನ ಒಂದು ಪಾಲು ದಲಿತರ ಖರ್ಚು ಅಂತ ಬರೆದುಕೊಳ್ಳಬಹುದಿತ್ತು. ಹೋರಾಟದ ಒತ್ತಾಯದ ಮೇಲೆ 2023ರಲ್ಲಿ ಆ ಬಿಲ ಮುಚ್ಚಿದರು. ಮುಚ್ಚಿದ ಸರ್ಕಾರವೇ ಗ್ಯಾರಂಟಿ ಯೋಜನೆಗಳಿಗೆ ಅದೇ ನಿಧಿಯಿಂದ 2023-24ರಲ್ಲಿ 11 ಸಾವಿರ ಕೋಟಿಗೂ ಮೇಲೆ, 2024-25ರಲ್ಲಿ 14 ಸಾವಿರ ಕೋಟಿಗೂ ಮೇಲೆ ತೆಗೆದಿಟ್ಟಿತು. ಎಲ್ಲ ಜಾತಿಯ ಹೆಂಗಸರಿಗೂ ಸಿಗುವ ಎರಡು ಸಾವಿರ ನಮ್ಮ ಹೆಂಗಸರಿಗೂ ಸಿಗಲಿ. ಆದರೆ ಮಿಕ್ಕವರಿಗೆ ರಾಜ್ಯದ ಖಜಾನೆಯಿಂದ, ನಮಗೆ ಮಾತ್ರ ನಮ್ಮದೇ ಜೇಬಿನಿಂದ! ಮರಾಠಾ ನಿಗಮದ 50 ಕೋಟಿಯ ಬಗ್ಗೆ ರಾಜ್ಯವೇ ಬಂದ್ ಆಗುತ್ತೆ. ನಮ್ಮ 11 ಸಾವಿರ ಕೋಟಿಯ ಬಗ್ಗೆ ಹಾಸ್ಟೆಲಿನ ಮೆಸ್ಸಿನಲ್ಲೂ ಮಾತಿಲ್ಲ. ಇದಕ್ಕೆ ಯಾರು ಕಾರಣ?

ನಾರಾಯಣರಾವ್ ತೀರಿಕೊಂಡ ತಾರೀಖು ಸೆಪ್ಟೆಂಬರ್ 24. ಆ ತಾರೀಖಿಗೆ ನಮ್ಮ ಚರಿತ್ರೆಯಲ್ಲಿ ಬೇರೆ ಅರ್ಥವಿದೆ. 1932ರ ಅದೇ ದಿನ ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವ ಪ್ರತ್ಯೇಕ ಮತದಾನ ಹೋಯಿತು, ಅದರ ಬದಲು 148 ಮೀಸಲು ಸ್ಥಾನ ಬಂತು. ಸ್ಥಾನ ಹೆಚ್ಚಾಯಿತು, ಕೈ ಕಟ್ಟಿತು. ಅದರ ಫಲವನ್ನು ಬಾಬಾಸಾಹೇಬರೇ ಉಂಡರು. 1952ರಲ್ಲಿ ಮುಂಬಯಿಯಲ್ಲಿ ಸೋತರು, 1954ರಲ್ಲಿ ಭಂಡಾರಾದ ಉಪಚುನಾವಣೆಯಲ್ಲೂ ಸೋತರು. ಗೆದ್ದವರು ಕಾಂಗ್ರೆಸ್ಸು ನಿಲ್ಲಿಸಿದ ನಮ್ಮ ಜಾತಿಯವರೇ. ಸಂವಿಧಾನದ ಶಿಲ್ಪಿಯನ್ನು ಉಪಚುನಾವಣೆಯಲ್ಲಿ ಸೋಲಿಸಿದ ದೇಶ ಇದು. ಈ ದೇಶದಲ್ಲಿ ಉಪಚುನಾವಣೆ ಬಂತು ಅಂತ ನಾವು ಹಲಗೆ ಬಾರಿಸುತ್ತಾ ಮೆರವಣಿಗೆ ಹೋಗೋದೆ?

"ಬಂದಷ್ಟು ತಗೊಳ್ಳೋಣ ಬಿಡಿ"

ಹಾಸ್ಟೆಲಿನ ಗೆಳೆಯನೊಬ್ಬ ಕೇಳಬಹುದು. "ಉಪಚುನಾವಣೆ ಬಂದಾಗ ಮಾತ್ರ ಏನಾದರೂ ಸಿಗುತ್ತೆ. ಆಗಲೂ ಬೇಡ ಅಂದರೆ ಯಾವಾಗ ಸಿಗುತ್ತೆ?" ನ್ಯಾಯವಾದ ಪ್ರಶ್ನೆ. ಬೇಡ ಅಂತ ನಾವು ಹೇಳಲ್ಲ. ರಸ್ತೆ ಬಂದರೆ ಬರಲಿ, ಅದು ನಮ್ಮ ತೆರಿಗೆ. ಬೋರ್‌ವೆಲ್ ಬಂದರೆ ಬರಲಿ, ಅದು ನಮ್ಮ ಹಕ್ಕು. ಆದರೆ ಪಡೆದದ್ದಕ್ಕೆ ಕಾಲು ಹಿಡಿಯಬೇಡಿ. ಹಕ್ಕಿನ ವಸ್ತುವನ್ನು ಋಣದ ವಸ್ತು ಅಂದುಕೊಂಡ ಕ್ಷಣವೇ ಜೀತ ಶುರುವಾಗುತ್ತೆ.

ಹಾಗಾದರೆ ಮಾಡಬೇಕಾದ್ದೇನು? ಉಪಚುನಾವಣೆ ಬರಲಿ, ಮಾಮೂಲಿ ಚುನಾವಣೆಯೇ ಬರಲಿ, ಇದಿಷ್ಟು ಮಾಡಿ.

ಒಂದು: ಚುನಾವಣೆ ಬರೋಕೆ ಮುಂಚೆಯೇ ಕೇರಿಯ ಬೇಡಿಕೆಯನ್ನು ಕಾಗದದಲ್ಲಿ ಬರೆಯಿರಿ. ಭೂಮಿ ಎಷ್ಟು, ಸ್ಮಶಾನ ಎಲ್ಲಿ, ಬಗರ್ ಹುಕುಂ ಅರ್ಜಿ ಎಷ್ಟು ಬಾಕಿ, ಹಾಸ್ಟೆಲ್ ಸೀಟು ಎಷ್ಟು ಕಡಿಮೆ. ಭವನ, ಕಟ್ಟೆ, ಮೂರ್ತಿ ಕೊನೆಯಲ್ಲಿ ಬರಲಿ.

ಎರಡು: ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮ ತಾಲ್ಲೂಕಿನಲ್ಲಿ ಉಪಯೋಜನೆಯ ದುಡ್ಡು ಎಷ್ಟು ಬಂತು, ಯಾವುದಕ್ಕೆ ಹೋಯಿತು? ಹತ್ತು ರೂಪಾಯಿಯ ಅರ್ಜಿ ಹತ್ತು ಭಾಷಣಕ್ಕಿಂತ ಗಟ್ಟಿ.

ಮೂರು: ಓಟು ಕೇಳಲು ಬಂದವರನ್ನು ಕೇರಿಯ ನಡುವೆ ಕೂರಿಸಿ ಕೇಳಿ. ಲೀಡರಿನ ಮನೆಯ ಒಳಕೋಣೆಯಲ್ಲಿ ಅಲ್ಲ. ಅವರು ಒಪ್ಪಿದ್ದನ್ನು ತಾರೀಖು ಹಾಕಿ ಬರೆಸಿಕೊಳ್ಳಿ.

ನಾಲ್ಕು: ಕೂಲಿಗೆ ಬಾವುಟ ಹಿಡಿಯಬೇಡಿ. ಹೊಟ್ಟೆಪಾಡಿಗೆ ಗಾರೆ ಕೆಲಸಕ್ಕೆ ಹೋಗಿ, ಅದರಲ್ಲಿ ಮಾನವಿದೆ. ಬಿರಿಯಾನಿ ಪೊಟ್ಟಣಕ್ಕೆ ಜೈಕಾರ ಕೂಗೋದರಲ್ಲಿ ಇಲ್ಲ.

ಐದು: ಎಣಿಕೆಯ ಮಾರನೇ ದಿನ ಮನೆಗೆ ಹೋಗಬೇಡಿ. ಅವತ್ತೇ ನಮ್ಮ ಕೆಲಸ ಶುರು. ಬರೆಸಿಕೊಂಡ ಕಾಗದ ಹಿಡಿದು ಗೆದ್ದವರ ಬಾಗಿಲಿಗೆ ಹೋಗಿ, ಅವರು ಯಾವ ಪಕ್ಷದವರಾದರೂ ಸರಿ.

ಗೆಳೆಯರೆ, ಶಾಸಕರು ಸಾಯುತ್ತಾರೆ, ಕುರ್ಚಿ ಸಾಯಲ್ಲ. ಅದರ ಮೇಲೆ ಯಾರೋ ಒಬ್ಬರು ಬಂದು ಕೂರುತ್ತಾರೆ. ಕೂತವರು ಯಾರಿಗೆ ಹೆದರಬೇಕು ಅನ್ನೋದನ್ನು ತೀರ್ಮಾನಿಸೋದು ನಾವು. ಇವತ್ತಿನವರೆಗೆ ಅವರು ಜಾತಿಯ ಲೆಕ್ಕಕ್ಕೆ ಹೆದರಿದ್ದಾರೆ, ಹೈಕಮಾಂಡಿಗೆ ಹೆದರಿದ್ದಾರೆ, ಮಠಗಳಿಗೆ ಹೆದರಿದ್ದಾರೆ. ಕೇರಿಯ ಹುಡುಗನ ಕೈಯಲ್ಲಿರುವ ಲೆಕ್ಕದ ಪುಸ್ತಕಕ್ಕೂ ಒಂದು ಸಲ ಹೆದರಲಿ.

ಸತ್ತವರಿಗೆ ಗೌರವ ಕೊಡೋಣ. ಬದುಕಿದವರಿಂದ ಲೆಕ್ಕ ಕೇಳೋಣ.

ಓಟು ಭಿಕ್ಷೆಯಲ್ಲ, ಓಟು ಜೀತವಲ್ಲ!

ನಮ್ಮ ಪಾಲು ನಮಗೆ ಬರಲಿ!

ಜೈಭೀಮ್.